ಗೃಹಸ್ಥನ ಮಾತು: ಸಮುದ್ರದರ್ಶನದ ಸಿದ್ಧತೆ

ದೀಪಾವಳಿ ಮುಗಿದು ಕಾರ್ತಿಕದ ದೀಪಗಳು ಹೊತ್ತತೊಡಗಿದವೆಂದರೆ ನಮ್ಮ ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಹುಟ್ಟುವದು. ಮುಂಗಾರಿಯ ಶೇಂಗಾ ಮನೆಗೆ ಬಂದಿರುವದು. ಹಿಂಗಾರಿಯ ಬಿಳಿಜೋಳವು ಎರೆಯ ಹೊಲದಲ್ಲಿ ಬೆಳೆಯುತ್ತಿರುವದು. ಎಳ್ಳಮವಾಸ್ಯೆಯ ಚರಗಕ್ಕೆ ಇನ್ನೂ ಅವಕಾಶವಿರುವದು. ಕೈಯಲ್ಲಿ ನಾಲ್ಕು ಕಾಸೂ ಮನಸ್ಸಿಗೆ ನಾಲ್ಕು ದಿನದ ಬಿಡುವೂ ಕೂಡಿ ಬರುವ ಕಾಲವಿದು. ಈ ಸಲ ಆ ಮಾತು ನಮ್ಮ ಮನೆಯಲ್ಲಿಯೂ ಹುಟ್ಟಿತು.

ನಾಲ್ಕನೆಯ ಇಯತ್ತೆಯಲ್ಲಿ ಓದುವ ಮೊಮ್ಮಗನು, “ಅಜ್ಜಾ, ಗೋಕರ್ಣಕ್ಕ ಹೋಗೂಣು. ಅಲ್ಲೆ ಸಮುದ್ರದ ದಂಡಿ ಓಂ ಅಕ್ಷರಧಾಂಗ ಅದಂತ” ಎಂದು ಪಟ್ಟು ಹಿಡಿದನು. ದೇವರ ಮುಂದೆ ಬತ್ತಿ ಹೊಸೆಯುತ್ತ ಕುಳಿತಿದ್ದ ನನ್ನ ಗೃಹಿಣಿಯು ತಲೆಯೆತ್ತದೆಯೇ, “ನಿಮ್ಮಜ್ಜ ಬರೂ ವರ್ಷ ಅಂತಾರ, ನೋಡಪಾ. ಇಪ್ಪತ್ತೆರಡು ವರ್ಷದಿಂದ ನಾ ಅದನ್ನಽ ಕೇಳಿಕೋತ ಬಂದೇನಿ” ಎಂದಳು. ಆಕೆಗೆ ಈಗ ೫೮ ವರ್ಷ. ಮುಂಡರಗಿಯಲ್ಲಿ ಹುಟ್ಟಿ ಗದಗಿನಲ್ಲಿ ಬಾಳಿದವಳು. ಸಮುದ್ರವನ್ನು ಇನ್ನೂ ಕಂಡಿಲ್ಲ. ನಾನು ಉತ್ತರ ಹೇಳದೆ ಪಂಚಾಂಗವನ್ನು ತೆರೆದೆನು. ಉತ್ತರ ಹೇಳದಿರುವದಕ್ಕೆ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುವೆನು.

ಮಳೆಗೆ ಮುಗಿಲು ನೋಡುವ ನಮ್ಮ ಸೀಮೆಗೂ ಸಮುದ್ರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಸೀಮೆಯ ಹತ್ತಿಯು ಎತ್ತುಗಳ ಮೇಲೆ, ಬಂಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗಿ ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಸಾಗುತ್ತಿದ್ದಿತು. ನಮ್ಮ ಎರೆಯಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬಂದದ್ದು ಆ ಬಂದರದಿಂದಲೇ. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೆ ಕಾರವಾರದ ಬಂದರವನ್ನು ಬೆಳೆಸಿ ಈ ಹತ್ತಿಯನ್ನು ಸಾಗಿಸಬೇಕೆಂಬದೇ ಒಂದು ಮುಖ್ಯ ಕಾರಣವಾಗಿತ್ತು. ಹೋಗುವಾಗ ಹತ್ತಿ, ಬರುವಾಗ ಉಪ್ಪು. ಗೋಕರ್ಣದ ಮಗ್ಗುಲಿನ ಸಾಣೀಕಟ್ಟೆಯ ಆಗರಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಹೀಗೆ ನಮ್ಮ ಹತ್ತಿಯು ಸಮುದ್ರವನ್ನು ಕಂಡಿತು. ಸಮುದ್ರದ ಉಪ್ಪು ನಮ್ಮ ಅಡಿಗೆಮನೆಯನ್ನು ಕಂಡಿತು. ಹತ್ತಿಯನ್ನು ಬಿಡಿಸಿದವರೂ ಉಪ್ಪನ್ನು ಬಡಿಸಿದವರೂ ಮಾತ್ರ ಬಹುಮಟ್ಟಿಗೆ ಸಮುದ್ರವನ್ನು ಕಾಣದೆಯೇ ಕಾಲವಾದರು.

ಗೋಕರ್ಣವು ಗಂಗಾವಳಿ, ಅಘನಾಶಿನಿ ಎಂಬ ಎರಡು ಹೊಳೆಗಳ ಮುಖಗಳ ನಡುವೆ, ಕುಮಟೆಯ ತಾಲೂಕಿನಲ್ಲಿರುವದು. ರಾವಣನು ಕೈಲಾಸದಿಂದ ತಂದ ಆತ್ಮಲಿಂಗವನ್ನು ವಟುವೇಷದ ಗಣಪತಿಯು ಇಲ್ಲಿ ನೆಲಕ್ಕಿಟ್ಟ ಕಥೆಯನ್ನು ಅರಿಯದವರಿಲ್ಲ. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನು ವೀಣೆ ಹಿಡಿದು ದಕ್ಷಿಣ ಸಮುದ್ರದ ತೀರದ ಗೋಕರ್ಣೇಶ್ವರನ ಸೇವೆಗೆ ಆಕಾಶಮಾರ್ಗವಾಗಿ ಹೋಗುತ್ತಿರುವಾಗಲೇ ವೀಣೆಯ ಮಾಲೆಯು ಗಾಳಿಗೆ ಜಾರಿ ಇಂದುಮತಿಯ ಮೇಲೆ ಬೀಳುವದು. ಅಂತಹ ಪುರಾತನ ಕ್ಷೇತ್ರವಿದು. ಆದರೆ ಇಂದಿನ ಗೋಕರ್ಣಕ್ಕೆ ಎರಡು ಮುಖಗಳಿವೆ. ಒಂದೇ ಬೀದಿಯಲ್ಲಿ ಒಂದು ಕಡೆಗೆ ಕೋಟಿತೀರ್ಥದಲ್ಲಿ ಮಿಂದು ಪಿತೃಕಾರ್ಯಕ್ಕೆ ಹೊರಟ ಗೃಹಸ್ಥನು. ಇನ್ನೊಂದು ಕಡೆಗೆ ಬೆನ್ನಿಗೆ ದೊಡ್ಡ ಚೀಲವನ್ನು ಕಟ್ಟಿಕೊಂಡ ಪರದೇಶದ ಯಾತ್ರಿಕನು. ಕುಡ್ಲೆ, ಓಂ, ಅರ್ಧಚಂದ್ರ, ಪ್ಯಾರಡೈಸ್ ಎಂಬ ದಂಡೆಗಳಿಗೆ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ತರುಣರು ವಾರದ ಕೊನೆಗೆ ಸಾಲುಗಟ್ಟಿ ಬರುವರು. ರಾತ್ರಿ ಬಹಳ ಹೊತ್ತಿನವರೆಗೆ ಫಲಾಹಾರಗೃಹಗಳ ದೀಪಗಳೂ ಹಾಡುಗಳೂ ಇರುವವು. ಹಿರಿಯರು ಇದನ್ನು ಕಂಡು ಮೂಗು ಮುರಿಯಬೇಕಾದ ಕಾರಣವಿಲ್ಲ. ದೇವರೂ ಸಮುದ್ರವೂ ಇಬ್ಬರಿಗೂ ಸಾಲುವಷ್ಟು ದೊಡ್ಡವು. ಆದರೆ ತಮಗೆ ಬೇಕಾದ ಗೋಕರ್ಣ ಯಾವದೆಂಬದನ್ನು ಮನೆಯಲ್ಲಿ ಕುಳಿತಾಗಲೇ ತೀರ್ಮಾನಿಸಿಕೊಳ್ಳಬೇಕು.

ನಮ್ಮ ಕಡೆಯವರು ಪ್ರವಾಸವನ್ನು ಗೊತ್ತುಪಡಿಸುವ ರೀತಿಯನ್ನು ನಾನು ಬಹುವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಹದಿನಾಲ್ಕು ಮಂದಿ ಕೂಡಿ ಒಂದು ಗಾಡಿಯನ್ನು ಬಾಡಿಗೆಗೆ ಹಿಡಿಯುವರು. ಗಾಡಿಯ ಬಾಡಿಗೆ ದಿನದ ಲೆಕ್ಕದ್ದಾದುದರಿಂದ ದಿನಗಳನ್ನು ಕಡಿಮೆ ಮಾಡಿ ಊರುಗಳನ್ನು ಹೆಚ್ಚು ಮಾಡುವರು. ಮೂರು ದಿನಗಳಲ್ಲಿ ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಕೊಲ್ಲೂರು, ಶೃಂಗೇರಿ, ಹೊರನಾಡು, ಧರ್ಮಸ್ಥಳ! ರಾತ್ರಿ ಪ್ರಯಾಣ, ಹಗಲು ದರ್ಶನ. ಚಾಲಕನು ಯಾವಾಗ ಮಲಗುವನೆಂಬದನ್ನು ಯಾರೂ ಕೇಳುವದಿಲ್ಲ. ಮನೆಗೆ ಬಂದ ಮೇಲೆ ಸಮುದ್ರ ಹೇಗಿತ್ತೆಂದು ಕೇಳಿದರೆ, ‘ಗಾಡಿಯ ಕಿಡಿಕಿಯಿಂದ ಕಂಡಿತು’ ಎಂದು ಹೇಳುವರು. ಇದು ಪ್ರವಾಸವಲ್ಲ, ಹಾಜರಿ ಹಾಕುವದು. ಶಾಲಾಮಾಸ್ತರನಾಗಿದ್ದ ನನಗೆ ಹಾಜರಿಗೂ ಪಾಠಕ್ಕೂ ಇರುವ ಅಂತರವು ಚೆನ್ನಾಗಿ ಗೊತ್ತು. ಆದುದರಿಂದ ನನ್ನ ಮೊದಲನೆಯ ಸೂಚನೆಯು ಇದು: ಒಂದೇ ಊರನ್ನು ಆರಿಸಿಕೊಳ್ಳಿರಿ, ಅಲ್ಲಿ ಮೂರು ರಾತ್ರಿ ಇರಿರಿ.

ಯಾವ ಕಾರ್ಯಕ್ಕಾದರೂ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ನಮ್ಮ ಹಿರಿಯರು ಹೇಳುವರು. ಪ್ರವಾಸಕ್ಕೂ ಅದೇ ಕ್ರಮವು ಸಾಕು.

ದೇಶವೆಂದರೆ ದಾರಿ. ಗದಗಿನಿಂದ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆ, ಗೋಕರ್ಣ. ಒಟ್ಟು ೨೦೦ ಕಿಲೋಮೀಟರಿಗೆ ತುಸು ಹೆಚ್ಚು. ಲಕ್ಷ್ಮೇಶ್ವರ, ಶಿರಹಟ್ಟಿಗಳವರು ಶಿರಸಿಯ ಮೇಲೆ ಹೋಗಿ ದೇವಿಮನೆ ಘಟ್ಟದಿಂದ ಕುಮಟೆಗೆ ಇಳಿಯಬಹುದು. ಆದರೆ ಆ ದಾರಿಯು ತೆರೆದಿರುವದೇ ಇಲ್ಲವೇ ಎಂಬದನ್ನು ಹೊರಡುವ ಮುಂಚೆ ಕೇಳಿಕೊಳ್ಳಬೇಕು. ಹುಬ್ಬಳ್ಳಿ-ಅಂಕೋಲೆಯ ರೈಲು ಬಹುಕಾಲದ ಕನಸು. ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ಅದು ಇನ್ನೂ ಕಡಲನ್ನು ಮುಟ್ಟಿಲ್ಲ. ಘಟ್ಟದ ತಿರುವುಗಳಲ್ಲಿ ತಲೆ ತಿರುಗುವವರು ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ರೈಲಿನಲ್ಲಿ ಮಡಗಾಂವಕ್ಕೆ ಹೋಗಿ, ಅಲ್ಲಿಂದ ಕೊಂಕಣ ರೈಲಿನಲ್ಲಿ ಗೋಕರ್ಣ ರೋಡ ನಿಲ್ದಾಣಕ್ಕೆ ಬರಬಹುದು. ಸುತ್ತು ಹೆಚ್ಚು, ಆದರೆ ದೂಧಸಾಗರದ ಧಾರೆಯ ದರ್ಶನವಾಗುವದು.

ಘಟ್ಟವನ್ನು ಹಗಲಿನಲ್ಲಿಯೇ ಇಳಿಯತಕ್ಕದ್ದು. ೨೦೨೫ರ ಜನವರಿ ೨೨ರ ಬೆಳಗಿನ ಜಾವದಲ್ಲಿ ನಮ್ಮ ನೆರೆಯ ಸವಣೂರಿನಿಂದ ಕುಮಟೆಯ ಸಂತೆಗೆ ಕಾಯಿಪಲ್ಲೆ, ಹಣ್ಣು ಒಯ್ಯುತ್ತಿದ್ದ ಲಾರಿಯು ಯಲ್ಲಾಪುರ ತಾಲೂಕಿನ ದಾರಿಯಲ್ಲಿ ಕಂದರಕ್ಕೆ ಉರುಳಿ ಹತ್ತು ಮಂದಿ ಮಡಿದರು. ಹತ್ತಿಯ ಕಾಲದಿಂದ ಹೊಟ್ಟೆಪಾಡಿಗಾಗಿ ಘಟ್ಟವಿಳಿಯುವವರು ನಮ್ಮ ಜನ. ಅವರಿಗೆ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಸಂತೋಷಕ್ಕಾಗಿ ಹೋಗುವ ನಮಗಿದೆ. ಇರುವ ಸ್ವಾತಂತ್ರ್ಯವನ್ನು ಉಪಯೋಗಿಸದಿರುವದು ಅವಿವೇಕ.

ಕಾಲದ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು. ಕರಾವಳಿಯಲ್ಲಿ ೩೦೦೦ವನ್ನು ಮೀರುವದು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಹತ್ತಿರದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಮಳೆಗಾಲದಲ್ಲಿ ಅತ್ತ ಹೋಗಬಾರದೆಂಬದಕ್ಕೆ ಇನ್ನೊಂದು ಸಾಕ್ಷಿಯುಂಟು. ಕರ್ನಾಟಕದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವದು. ಮೀನಿನ ಸಂತಾನವು ಬೆಳೆಯಲೆಂಬದೂ ಅದರ ಉದ್ದೇಶವೇ. ಆದರೆ ಆ ಕಾಲದ ಕಡಲು ಎಂತಹದೆಂಬದೂ ಅಲ್ಲಿಯವರಿಗೆ ಗೊತ್ತು. ಸಮುದ್ರದಲ್ಲಿಯೇ ಹುಟ್ಟಿ ಬೆಳೆದವನು ಕಾಲಿಡದ ಕಾಲದಲ್ಲಿ ಎರೆನೆಲದ ನಾವು ಕಾಲಿಡುವದೇಕೆ? ಕಾರ್ತಿಕದಿಂದ ಮಾಘದವರೆಗೆ ಗಾಳಿಯು ತಂಪು, ದಾರಿಯು ಸುಗಮ. ಮುದುಕರು ಸಂಗಡ ಇರುವಾಗ ಶಿವರಾತ್ರಿಯ ರಥೋತ್ಸವದ ಗದ್ದಲವನ್ನೂ, ಶನಿವಾರ ಆದಿತ್ಯವಾರಗಳನ್ನೂ ಬಿಡುವದು ಲೇಸು. ಸೋಮವಾರ ಹೊರಟು ಗುರುವಾರ ಮರಳಿದರೆ ಕೋಣೆಯೂ ಸುಲಭವಾಗಿ ಸಿಗುವದು, ದೇವಸ್ಥಾನದಲ್ಲಿ ನೆಮ್ಮದಿಯೂ ಸಿಗುವದು.

ಇಲ್ಲಿ ಪಂಚಾಂಗವು ತಿಥಿವಾರಗಳಿಗಷ್ಟೇ ಅಲ್ಲ, ನೀರಿನ ಲೆಕ್ಕಕ್ಕೂ ಉಪಯೋಗವಾಗುವದು. ಸಮುದ್ರವು ಒಂದು ಹಗಲು ರಾತ್ರಿಗಳಲ್ಲಿ ಎರಡು ಸಲ ಏರುವದು, ಎರಡು ಸಲ ಇಳಿಯುವದು. ಏರುವ ಹೊತ್ತು ದಿನಕ್ಕೆ ಸುಮಾರು ೫೦ ನಿಮಿಷ ಮುಂದೆ ಸರಿಯುವದು. ಸೂರ್ಯಚಂದ್ರರು ಒಂದೇ ಗೆರೆಗೆ ಬರುವ ಅಮಾವಾಸ್ಯೆ, ಹುಣ್ಣಿವೆಗಳಲ್ಲಿ ಉಬ್ಬರವು ದೊಡ್ಡದು. ಅಷ್ಟಮಿಯ ಸುಮಾರಿಗೆ ಸಣ್ಣದು. ಮಕ್ಕಳನ್ನು ಕರೆದೊಯ್ಯುವವರು ಅಷ್ಟಮಿಯ ಹಿಂದುಮುಂದಿನ ದಿನಗಳನ್ನು ಹಿಡಿಯಲಿ. ಅಲ್ಲಿಗೆ ಹೋದ ಮೇಲೆ ಆ ದಿನದ ಉಬ್ಬರ ಇಳಿತಗಳ ಹೊತ್ತನ್ನು ಮೀನುಗಾರರನ್ನು ಕೇಳಿ ತಿಳಿದುಕೊಳ್ಳಲಿ.

ಇನ್ನು ಪಾತ್ರ. ಪಾತ್ರವೆಂದರೆ ಹೋಗುವವರು ಯಾರು ಎಂಬದು. ಯೋಜನೆಯನ್ನು ಎಲ್ಲರಿಗಿಂತ ಬಲವುಳ್ಳವನ ನಡಿಗೆಯಿಂದ ಅಳೆಯದೆ, ಎಲ್ಲರಿಗಿಂತ ದುರ್ಬಲನಾದವನ ನಡಿಗೆಯಿಂದ ಅಳೆಯಬೇಕು. ನಮ್ಮ ಮನೆಯಾಕೆಗೆ ಮೊಣಕಾಲಿನ ನೋವು. ಓಂ ದಂಡೆಗೆ ಮೆಟ್ಟಿಲಿಳಿದು ಹೋಗಬೇಕು, ಮರಳಿ ಏರಬೇಕು. ಅರ್ಧಚಂದ್ರ, ಪ್ಯಾರಡೈಸುಗಳಿಗೆ ಕಾಲುದಾರಿ ಇಲ್ಲವೆ ದೋಣಿ. ಆದುದರಿಂದ ದೇವಸ್ಥಾನದ ಸಮೀಪದಲ್ಲಿಯೇ ಇರುವ ಊರಿನ ಮುಂದಿನ ದಂಡೆಯೇ ನಮಗೆ ಸಾಕೆಂದು ಗೊತ್ತು ಮಾಡಿದೆವು. ಮೊಮ್ಮಗನಿಗೆ ಓಂಕಾರದ ದಂಡೆಯನ್ನು ಒಂದು ಮುಂಜಾನೆ ಮೇಲಿನ ದಿಬ್ಬದಿಂದ ತೋರಿಸಿದರಾಯಿತು. ಕೋಣೆಯು ನೆಲಮಾಳಿಗೆಯ ಮೇಲಿನ ಮೊದಲನೆಯ ಅಂತಸ್ತಿನಲ್ಲಿ, ಎಂದರೆ ಮೆಟ್ಟಿಲಿಲ್ಲದೆ ಹೋಗುವಂತಿರಬೇಕು.

ಈಗ ಮೊದಲು ಹೇಳದೆ ಉಳಿಸಿದ ಮಾತು.

ನಾನು ಪಾಠಶಾಲೆಯಲ್ಲಿ ಸಂಜೆ ಕಾವ್ಯಪಾಠ ಹೇಳುತ್ತಿದ್ದೆನು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವಿಮಾನದಲ್ಲಿ ಕುಳಿತ ರಾಮನು ಸೀತೆಗೆ ಸಮುದ್ರವನ್ನು ತೋರಿಸುವ ಭಾಗವನ್ನು ಹಲವು ವರ್ಷ ಕಲಿಸಿದೆನು. ಸಮುದ್ರವನ್ನು ನಾನೇ ನೋಡಿರಲಿಲ್ಲ! ಇಪ್ಪತ್ತೆರಡು ವರ್ಷಗಳ ಹಿಂದೆ ಶಾಲೆಯ ನಲವತ್ತು ಹುಡುಗರನ್ನು ಕರೆದುಕೊಂಡು ಗೋಕರ್ಣಕ್ಕೆ ಹೋದಾಗ ಮೊದಲ ಸಲ ನೋಡಿದೆನು. ದರ್ಶನವಾದ ಮೇಲೆ ಸಂಜೆ ದಂಡೆಗೆ ಹೋದೆವು. ಮೊಣಕಾಲಿನವರೆಗೆ ಮಾತ್ರ ಇಳಿಯಿರೆಂದು ಅಪ್ಪಣೆ ಕೊಟ್ಟು ನಾನು ಸೂರ್ಯಾಸ್ತವನ್ನು ನೋಡುತ್ತ ನಿಂತೆನು. ಮುಂಡರಗಿಯ ಕಡೆಯ ಒಬ್ಬ ಹುಡುಗನು ತುಂಗಭದ್ರೆಯಲ್ಲಿ ಈಜಿದವನು, ಯಾವ ಬಾವಿಗಾದರೂ ಧುಮುಕುವವನು. ಅವನು ಸೊಂಟದವರೆಗೆ ಹೋದನು. ಕಾಲ ಕೆಳಗಿನ ಉಸುಕು ಸರಿಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಅವನು ಹತ್ತು ಮಾರು ದೂರ ಹೋಗಿದ್ದನು. ದಂಡೆಯ ಕಡೆಗೆ ಕೈ ಬಡಿಯುತ್ತಿದ್ದನು. ಬಡಿದಷ್ಟೂ ಹಿಂದೆ ಸರಿಯುತ್ತಿದ್ದನು. ನನ್ನ ಬಾಯಿಂದ ಕೂಗು ಕೂಡ ಹೊರಡಲಿಲ್ಲ. ಬಲೆಯನ್ನು ಹೊಲಿಯುತ್ತ ಕುಳಿತ ಇಬ್ಬರು ಮೀನುಗಾರರು ಸಣ್ಣ ದೋಣಿಯನ್ನು ನೂಕಿಕೊಂಡು ಹೋಗಿ ಅವನನ್ನು ತಂದರು. ಅವರಲ್ಲಿ ಹಿರಿಯನು ಬೈಯಲಿಲ್ಲ. “ಮಾಸ್ತರೇ, ಬಾವಿಯದು ನಿಂತ ನೀರು. ಇದು ನಡೆಯುವ ನೀರು” ಎಂದಿಷ್ಟೇ ಹೇಳಿದನು.

ಆ ರಾತ್ರಿ ಮಲಗಿದ ಹುಡುಗರನ್ನು ಮೂರು ಸಲ ಎಣಿಸಿದೆನು. ನಲವತ್ತು ಇದ್ದರು. ಊರಿಗೆ ಬಂದಾಗ ಮನೆಯಾಕೆಯು “ಸಮುದ್ರ ಹೆಂಗಿತ್ರೀ?” ಎಂದು ಕೇಳಿದಳು. “ದೊಡ್ಡದು ಅದ” ಎಂದು ಹೇಳಿ ಸುಮ್ಮನಾದೆನು. ಆಮೇಲೆ ಆಕೆ ಹೋಗೋಣವೆಂದಾಗಲೆಲ್ಲ ಪರೀಕ್ಷೆ, ಮನೆಯ ಕೆಲಸ, ಮಗಳ ಮದುವೆ ಎಂದು ಕಾರಣಗಳನ್ನು ಹೇಳಿದೆನು. ಅವೆಲ್ಲ ಸುಳ್ಳಲ್ಲ. ಆದರೆ ನಿಜವಾದ ಕಾರಣ ಅವಲ್ಲ.

ಆ ಹಿರಿಯನು ಹೇಳಿದ ಮಾತಿನ ಅರ್ಥವನ್ನು ನಾನು ಆಮೇಲೆ ಓದಿ, ಕೇಳಿ ತಿಳಿದುಕೊಂಡೆನು. ಅದನ್ನು ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳಿಗೆ ಹೇಳಬೇಕು. ತೆರೆಗಳು ತಂದು ಹಾಕಿದ ನೀರು ಮರಳಿ ಕಡಲಿಗೆ ಹೋಗಲೇಬೇಕು. ಅದು ಅಲ್ಲಲ್ಲಿ ಇಕ್ಕಟ್ಟಾದ ಕಾಲುವೆಯಂತೆ ಕೂಡಿಕೊಂಡು ರಭಸದಿಂದ ಹೊರಗೆ ಹರಿಯುವದು. ಇದೇ ಸೆಳವು. ಅದು ಹರಿಯುವಲ್ಲಿ ತೆರೆಗಳು ಒಡೆಯುವದು ಕಡಿಮೆ. ಆದುದರಿಂದ ಅರಿಯದವನಿಗೆ ಆ ಸ್ಥಳವೇ ಶಾಂತವಾಗಿ ಕಂಡು ಅಲ್ಲಿಯೇ ಇಳಿಯುವನು. ಸೆಳವು ಮನುಷ್ಯನನ್ನು ಕೆಳಗೆ ಎಳೆಯುವದಿಲ್ಲ, ದೂರಕ್ಕೆ ಒಯ್ಯುವದು. ಅದಕ್ಕೆ ಎದುರಾಗಿ ದಂಡೆಯ ಕಡೆಗೆ ಈಜಿದವನು ದಣಿದು ಮುಳುಗುವನು. ಗಾಬರಿಯಾಗದೆ ತೇಲುತ್ತ, ದಂಡೆಗೆ ಸಮನಾಗಿ ಅಡ್ಡಕ್ಕೆ ಈಜಿ ಸೆಳವಿನಿಂದ ಹೊರಗೆ ಬಂದು, ಆಮೇಲೆ ದಂಡೆಯ ಕಡೆಗೆ ತಿರುಗಬೇಕು. ಸಿಕ್ಕವನನ್ನು ಹಿಡಿಯಲು ಇನ್ನೊಬ್ಬನು ಬರಿಗೈಯಲ್ಲಿ ಧುಮುಕಬಾರದು. ಹಗ್ಗವನ್ನೋ, ತೇಲುವ ವಸ್ತುವನ್ನೋ ಎಸೆದು ಜೀವರಕ್ಷಕರನ್ನು ಕರೆಯಬೇಕು. ಕೆಂಪು ನಿಶಾನೆ ಕಂಡಲ್ಲಿ ಪಾದವನ್ನೂ ಇಡಬಾರದು.

ಇದು ವೃಥಾ ಭಯವಲ್ಲ. ೨೦೨೪ರ ಡಿಸೆಂಬರ್ ೧೦ರಂದು ಮುರುಡೇಶ್ವರದ ಸಮುದ್ರದಲ್ಲಿ, ಶಾಲೆಯ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಮುಳುಗಿ ತೀರಿಕೊಂಡರು. ಅವರೂ ನಮ್ಮಂತೆಯೇ ಕಡಲಿನಿಂದ ದೂರದ, ಕೆರೆಗಳ ನಾಡಿನವರು. ಆ ಸುದ್ದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ಎಣಿಸಿದಾಗ ನಲವತ್ತಕ್ಕೆ ನಲವತ್ತು ಸರಿಬಂದದ್ದು ನನ್ನ ಎಚ್ಚರದಿಂದಲ್ಲ. ದಂಡೆಯಲ್ಲಿ ಬಲೆ ಹೊಲಿಯುವ ಇಬ್ಬರು ಇದ್ದರು, ಅಷ್ಟೇ.

ಈ ಸಂಗತಿಯನ್ನು ಮೊನ್ನೆ ಮೊದಲ ಸಲ ಮನೆಯಾಕೆಗೆ ಹೇಳಿದೆನು. ಆಕೆ ಬತ್ತಿ ಹೊಸೆಯುವದನ್ನು ನಿಲ್ಲಿಸಲಿಲ್ಲ.

“ಆ ಹುಡುಗ ಈಗ ಎಲ್ಲಿದ್ದಾನ್ರೀ?”

“ಊರಾಗ ಹೊಲಾ ಮಾಡಿಕೊಂಡಿದ್ದಾನ. ಎರಡು ಮಕ್ಕಳವ.”

“ಹೊಳಿಗೆ ಇಳೀತಾನೇನು?”

“ಇಳೀತಾನ.”

“ಅವ ಅವತ್ತಽ ದಂಡಿಗೆ ಬಂದ. ನೀವಽ ಇನ್ನೂ ಬಂದಿಲ್ಲ ನೋಡ್ರಿ” ಎಂದಳು.

ಹೆದರಿಕೆ ಬೇರೆ, ಎಚ್ಚರ ಬೇರೆ ಎಂಬದು ನನಗೆ ಅರುವತ್ತು ದಾಟಿದ ಮೇಲೆ ತಿಳಿಯಿತು. ಹೆದರಿದವನು ತಾನೂ ಹೋಗುವದಿಲ್ಲ, ಇತರರನ್ನೂ ಹೋಗಗೊಡುವದಿಲ್ಲ, ಕಾರಣವನ್ನೂ ಹೇಳುವದಿಲ್ಲ. ಎಚ್ಚರವುಳ್ಳವನು ಹೋಗುವನು, ಎಲ್ಲಿ ನಿಲ್ಲಬೇಕೆಂಬದನ್ನು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳುವನು. ಪ್ರವಾಸದ ಸಿದ್ಧತೆಯೆಂದರೆ ಇದೇ. ಆ ದಿನವೇ ತಾರೀಖನ್ನು ಬರೆದೆವು.

ಉಳಿದದ್ದು ದ್ರವ್ಯ, ಅದನ್ನು ಸಂಕ್ಷೇಪವಾಗಿ ಹೇಳುವೆನು. ೨೦೨೩ರ ಜೂನ್ ೧೧ರಂದು ಪ್ರಾರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತ. ಗುರುತಿನ ಚೀಟಿಯನ್ನು ಮರೆಯಬಾರದು. ಅದು ಕೋಣೆಯನ್ನು ಹಿಡಿಯುವಾಗಲೂ ಬೇಕಾಗುವದು. ದೇವಸ್ಥಾನದ ಒಳಗೆ ಗಂಡಸರಿಗೆ ಧೋತರ, ಹೆಣ್ಣುಮಕ್ಕಳಿಗೆ ಸೀರೆ ಇದ್ದರೆ ಮುಜುಗರವಿಲ್ಲ. ಉಪ್ಪುನೀರು ಹತ್ತಿದ ಅರಿವೆಯು ಒಣಗಿದರೂ ಜಿಗಟಾಗಿಯೇ ಇರುವದು. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಅತ್ತ ಅನ್ನವೇ ಪ್ರಧಾನ. ರೊಟ್ಟಿಯಿಲ್ಲದೆ ತುತ್ತು ಇಳಿಯದವರು ಖಡಕ್ ರೊಟ್ಟಿ, ಶೇಂಗಾದ ಚಟ್ನಿಗಳನ್ನು ಕಟ್ಟಿಕೊಂಡು ಹೋಗಲಿ. ನಿತ್ಯದ ಔಷಧಗಳನ್ನು ಎರಡು ದಿನದಷ್ಟು ಹೆಚ್ಚಿಗೆ ಒಯ್ಯಲಿ. ಹರಳು, ಬಂಗಾರ ಮನೆಯಲ್ಲಿಯೂ ಬೇಡ, ಮೈಮೇಲೆಯೂ ಬೇಡ. ನಂಬಿಕೆಯ ಸ್ಥಳದಲ್ಲಿ ಇಡಲಿ. ಮೂರು ದಿನಗಳಲ್ಲಿ ಒಂದು ಪೂರ್ಣ ದಿನವನ್ನು ಯಾವ ಕಾರ್ಯಕ್ರಮವೂ ಇಲ್ಲದೆ ಬಿಡಲಿ. ಆ ದಿನವೇ ಸಮುದ್ರದ ದಿನ.

ಸಾಮಾನಿನ ಯಾದಿಯನ್ನು ಬರೆಯುವ ಕೆಲಸವನ್ನು ಮೊಮ್ಮಗನಿಗೆ ವಹಿಸಿದ್ದೆನು. ನಿನ್ನೆ ಅದನ್ನು ನೋಡಿದಾಗ ಅವನ ದುಂಡನ್ನ ಅಕ್ಷರಗಳ ಕೆಳಗೆ ಅವನ ಅಜ್ಜಿಯ ಕೈಯ ಒಂದು ಸಾಲು ಇದ್ದಿತು: ‘ಮುಚ್ಚಳದ ಗಿಂಡಿ ಒಂದು.’ ಯಾತಕ್ಕೆಂದು ಕೇಳಿದೆನು. ಮುಂಡರಗಿಯಲ್ಲಿ ಆಕೆಯ ಅಕ್ಕ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಅವಳೂ ಸಮುದ್ರವನ್ನು ಕಂಡವಳಲ್ಲ. ಅವಳಿಗೆ ಆ ನೀರನ್ನು ತಂದು ಕೈಗೆ ಮುಟ್ಟಿಸಬೇಕಂತೆ.

ಯಾದಿಯನ್ನು ಹಾಗೆಯೇ ಮಡಚಿ ಪಂಚಾಂಗದಲ್ಲಿ ಇಟ್ಟಿದ್ದೇನೆ.